ನೀಲಿ, ಕಪ್ಪು, ಪೆನ್ಸಿಲ್: ವೀರಗಲ್ಲಿನ ಮುಂದೆ ಒಂಬತ್ತನೇ ತರಗತಿ

ಹಳೇ ಮೈಸೂರು ಭಾಗದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂದು ವರ್ಷ ನಡೆದ ಕೆಲಸದ ವಿವರ ಇದು. ಅಲ್ಲಿ ನಾನು ಕನ್ನಡ ಕಲಿಸುತ್ತೇನೆ. ಊರಿನ ಹೆಸರು, ಮಕ್ಕಳ ಹೆಸರು, ಮನೆತನದ ಹೆಸರು ಯಾವುದನ್ನೂ ಬರೆದಿಲ್ಲ. ಗುರುತು ಸಿಗುವಂಥ ಒಂದೆರಡು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಇಂಥದ್ದೇ ಕೆಲಸ ಮಾಡಬೇಕು ಅಂದುಕೊಂಡಿರುವ ಶಿಕ್ಷಕರಿಗೆ ನಾವು ಎಲ್ಲಿ ಎಡವಿದೆವು, ಎಲ್ಲಿ ದಾರಿ ಸಿಕ್ಕಿತು ಅನ್ನುವುದು ಉಪಯೋಗಕ್ಕೆ ಬರಬಹುದು.

ಊರು, ತರಗತಿ

ತರಗತಿಯಲ್ಲಿ 31 ಮಕ್ಕಳು. ಹೆಚ್ಚಿನವರ ಮನೆಯಲ್ಲಿ ರಾಗಿ, ತೆಂಗು, ಎರಡು ಮೂರು ಹಸು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವ ಮಕ್ಕಳು ಮೊದಲ ಪೀರಿಯಡ್‌ನಲ್ಲಿ ಆಕಳಿಸುತ್ತಿರುತ್ತಾರೆ. ಊರಿಗೊಂದು ದೊಡ್ಡ ಕೆರೆ. ಏರಿಯ ಕೆಳಗೆ ಹುಣಸೆ ಮರದ ಬುಡದಲ್ಲಿ ಒಂದು ವೀರಗಲ್ಲು. ಊರವರ ಬಾಯಲ್ಲಿ ಅದು ಈರಗಲ್ಲು. ಹಬ್ಬಕ್ಕೆ ಎಣ್ಣೆ ಸುರಿದು ಕುಂಕುಮ ಹಚ್ಚುತ್ತಾರೆ. ಮಕ್ಕಳು ದಿನಾ ಅದರ ಪಕ್ಕದಲ್ಲೇ ಸೈಕಲ್ ತುಳಿದುಕೊಂಡು ಶಾಲೆಗೆ ಬರುತ್ತಾರೆ.

ಒಂದು ದಿನ ಸಮಾಜ ವಿಜ್ಞಾನದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಬೇಜಾರಾಗಿ ಹೇಳಿದರು: "ಹೊಯ್ಸಳರು ಅಂದ್ರೆ ಬೇಲೂರು, ಹಳೇಬೀಡು ಅಂತಾರೆ ಮೇಡಂ. ಸರಿ, ನಮ್ಮೂರಲ್ಲಿ ಏನಿದೆ ಅಂತ ಕೇಳಿದ್ರೆ, ಏನೂ ಇಲ್ಲ ಸಾರ್ ಅಂತಾರೆ."

ಏನೂ ಇಲ್ಲ. ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಅವರ ಪಾಠ, ನನ್ನ ಬರವಣಿಗೆ ಎರಡನ್ನೂ ಸೇರಿಸಿ ಏನಾದರೂ ಮಾಡೋಣ ಅಂತ ಇಬ್ಬರೂ ಮಾತಾಡಿಕೊಂಡೆವು.

ಮೊದಲ ಸಲ ಎಡವಿದ್ದು

ಜೂನ್ ಕೊನೆಯಲ್ಲಿ ನಾನು ಬೋರ್ಡಿನ ಮೇಲೆ ಬರೆದೆ: "ನಮ್ಮೂರಿನ ಇತಿಹಾಸವನ್ನು ಆಧರಿಸಿ ಒಂದು ಕಥೆ ಬರೆಯಿರಿ." ಒಂದು ವಾರ ಸಮಯ ಕೊಟ್ಟೆ.

ಬಂದ 31 ನೋಟ್‌ಬುಕ್‌ಗಳಲ್ಲಿ 22ರಲ್ಲಿ ಒಬ್ಬ ರಾಜ ಇದ್ದ. ಅವನಿಗೊಬ್ಬ ಶತ್ರು. ಕುದುರೆ, ಕತ್ತಿ, "ಎಲವೋ ದುಷ್ಟನೇ" ಅನ್ನುವ ಮಾತು, ಕೊನೆಗೆ ಗೆಲುವು. ಐದು ಜನ ಹೊಯ್ಸಳರ ಪಾಠವನ್ನೇ ಸ್ವಲ್ಪ ಹಿಂದೆ ಮುಂದೆ ಮಾಡಿ ನಕಲು ಮಾಡಿದ್ದರು. ನಾಲ್ಕು ಜನ "ಒಂದು ಕಲ್ಲಿನ ಆತ್ಮಕಥೆ" ಬರೆದಿದ್ದರು. ಒಂದೇ ಒಂದು ಕಥೆಯಲ್ಲೂ ರಾಗಿ ಹೊಲ ಇರಲಿಲ್ಲ. ಕೆರೆಯೂ ಇರಲಿಲ್ಲ.

ಎರಡು ದಿನ ನಾನು ಮಕ್ಕಳ ಮೇಲೆ ಸಿಟ್ಟಾಗಿದ್ದೆ. ಆಮೇಲೆ ಬೋರ್ಡಿನ ಮೇಲಿದ್ದ ನನ್ನ ವಾಕ್ಯವನ್ನೇ ಇನ್ನೊಮ್ಮೆ ಓದಿಕೊಂಡೆ. ನಮ್ಮೂರಿನ ಇತಿಹಾಸ ಅಂದರೆ ಏನು ಅಂತ ನಾನು ಅವರಿಗೆ ಏನೂ ತೋರಿಸಿರಲಿಲ್ಲ. ಕೈಯಲ್ಲಿ ಏನೂ ಇಲ್ಲದ ಮಗು ಸೀರಿಯಲ್‌ನಿಂದ ತೆಗೆದುಕೊಳ್ಳದೆ ಇನ್ನೆಲ್ಲಿಂದ ತೆಗೆದುಕೊಳ್ಳುತ್ತದೆ?

ಆತ್ಮಕಥೆಯ ಬಗ್ಗೆ ಒಂದು ಮಾತು. ಹರಿದ ಕೊಡೆ, ಮುರಿದ ಕುರ್ಚಿ, ಹಳೇ ನಾಣ್ಯ ಇವುಗಳ ಆತ್ಮಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಬರೆದವರೇ. ಆದರೆ ಊರಿನ ಚರಿತ್ರೆಯ ಕೆಲಸಕ್ಕೆ ನಾನು ಈಗ ಅದನ್ನು ಕೊಡುವುದಿಲ್ಲ. "ನಾನು ಕಲ್ಲು" ಅಂತ ಶುರು ಮಾಡಿದ ಕೂಡಲೇ ಕಲ್ಲಿಗೆ ಎಲ್ಲವೂ ಗೊತ್ತಿರುತ್ತದೆ. ಎಲ್ಲಾ ಗೊತ್ತಿರುವವರು ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ನನಗೆ ಬೇಕಾಗಿದ್ದದ್ದು ಮಕ್ಕಳು ಕೇಳುವುದು.

ಬರೆಯುವ ಮೊದಲು ನೋಡುವುದು

ಎರಡನೇ ಸಲ ಕಥೆ ಅನ್ನುವ ಪದವನ್ನೇ ಬಿಟ್ಟೆವು. ಹೆಡ್‌ಮಾಸ್ಟರ್ ಅನುಮತಿ ತೆಗೆದುಕೊಂಡು, ಕಲ್ಲಿಗೆ ಪೂಜೆ ಮಾಡುವ ಮನೆಯವರನ್ನೂ ಕೇಳಿ, ಮಕ್ಕಳನ್ನು ಹುಣಸೆ ಮರದ ಹತ್ತಿರ ಕರೆದುಕೊಂಡು ಹೋದೆವು. ನೀರಿನ ಕಡೆ ಯಾರೂ ಹೋಗದಂತೆ ಮೇಷ್ಟ್ರು ಏರಿಯ ಮೇಲೆ ನಿಂತಿದ್ದರು. ಕೊಟ್ಟದ್ದು ಒಂದೇ ಕೆಲಸ: ಕಲ್ಲಿನಲ್ಲಿ ಕಾಣುವ ಹತ್ತು ವಿಷಯ ಬರೆಯಿರಿ. ಅನಿಸಿದ್ದು ಬೇಡ, ಕಂಡದ್ದು ಮಾತ್ರ.

ಹೋದದ್ದು ಮಧ್ಯಾಹ್ನ 12 ಗಂಟೆಗೆ. ಬಿಸಿಲು ನೆತ್ತಿಯ ಮೇಲೆ. ಕಲ್ಲು ಬರೀ ಕಪ್ಪು ಹಲಗೆಯ ಹಾಗೆ ಕಂಡಿತು. ಮೂರು ವಿಷಯಕ್ಕಿಂತ ಜಾಸ್ತಿ ಯಾರಿಗೂ ಸಿಗಲಿಲ್ಲ. ಅಷ್ಟು ಹೊತ್ತಿಗೆ ಒಬ್ಬ ಹುಡುಗ ಹೇಳಿದ, "ಮಿಸ್, ನಾನು ಹಾಲು ಹಾಕಕ್ಕೆ ಹೋಗುವಾಗ ಇದರಲ್ಲಿ ದನ ಕಾಣ್ತವೆ." ಸರಿ, ಮಾರನೇ ದಿನ ಬೆಳಿಗ್ಗೆ ಏಳೂವರೆಗೆ ಬಂದೆವು. ಬಿಸಿಲು ಪಕ್ಕದಿಂದ ಬೀಳುತ್ತಿತ್ತು. ಕೆತ್ತನೆಯ ಒಂದೊಂದು ಗೆರೆಗೂ ನೆರಳು ಹುಟ್ಟಿತ್ತು. ಮರದ ನೆರಳಿದ್ದ ಕಡೆ ಮೇಷ್ಟ್ರು ಮೊಬೈಲ್ ಟಾರ್ಚನ್ನು ಕಲ್ಲಿಗೆ ಓರೆಯಾಗಿ ಹಿಡಿದರು. ಅಕ್ಷರಗಳು ಎದ್ದು ಬಂದವು. ಮಕ್ಕಳು "ಓ" ಅಂದದ್ದು ನನಗೆ ಇನ್ನೂ ನೆನಪಿದೆ.

ಅಕ್ಷರ ಕಾಣಲಿ ಅಂತ ಕೆಲವರು ಸೀಮೆಸುಣ್ಣ ತುಂಬುತ್ತಾರೆ, ಇನ್ನು ಕೆಲವರು ಮೊಳೆಯಲ್ಲಿ ಕೆರೆಯುತ್ತಾರೆ. ದಯವಿಟ್ಟು ಮಾಡಬೇಡಿ. ಓರೆ ಬೆಳಕು ಸಾಕು.

ಆ ದಿನ ಪಟ್ಟಿ ಹತ್ತಕ್ಕೆ ನಿಲ್ಲಲಿಲ್ಲ. ಕಲ್ಲಿನಲ್ಲಿ ಮೂರು ಅಂತಸ್ತು. ಕೆಳಗೆ ಹೋರಾಟ ಮತ್ತು ದನಗಳು. ನಡುವೆ ವೀರನನ್ನು ಎರಡೂ ಕಡೆಯಿಂದ ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗ, ಪಕ್ಕದಲ್ಲಿ ನಂದಿ, ತುದಿಯಲ್ಲಿ ಸೂರ್ಯ ಚಂದ್ರ. ಕರ್ನಾಟಕದ ಸಾವಿರಾರು ವೀರಗಲ್ಲುಗಳಲ್ಲಿ ಇದೇ ಕ್ರಮ ಇರುತ್ತದೆ ಅಂತ ಮೇಷ್ಟ್ರು ವಿವರಿಸಿದರು. ಆದರೆ ಮಕ್ಕಳು ಕಂಡದ್ದು ಬೇರೆಯೇ. "ಒಂದು ಹಸು ತಿರುಗಿ ನೋಡ್ತಿದೆ." "ಅವನ ಕಾಲಲ್ಲಿ ಚಪ್ಪಲಿ ಇಲ್ಲ." "ಎದುರಿಗಿರೋರು ಮೂರು ಜನ, ಇವನು ಒಬ್ಬನೇ." ಹಿಂದಿನ ಬೆಂಚಿನ ಒಬ್ಬ ಹುಡುಗಿ ಪಟ್ಟಿಯ ಕೊನೆಗೆ ಒಂದು ಪ್ರಶ್ನೆ ಬರೆದಿದ್ದಳು: "ಕಲ್ಲು ಕೆತ್ತಿದವನಿಗೆ ದುಡ್ಡು ಕೊಟ್ಟದ್ದು ಯಾರು?" ಕಂಡದ್ದು ಮಾತ್ರ ಬರೆಯಿರಿ ಅಂದಿದ್ದೆ ನಿಜ. ಆದರೂ ಆ ಪ್ರಶ್ನೆಯನ್ನು ನಾನು ತರಗತಿಗೆ ಎರಡು ಸಲ ಓದಿ ಹೇಳಿದೆ.

ವಾಪಸ್ ಬರುವ ಮೊದಲು ಮೇಷ್ಟ್ರು ಆತಕೂರಿನ ಕಲ್ಲಿನ ಕಥೆ ಹೇಳಿದರು. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಊರದು. ಅಲ್ಲಿಯ ಶಾಸನ ಕ್ರಿ.ಶ. 949–50ರ ಕಾಲದ್ದು. ಗಂಗರ ಬೂತುಗನ ಬಳಿ ಇದ್ದ ಮಣಲೇರ ಅನ್ನುವ ವೀರ, ಕಾಳಿ ಅನ್ನುವ ನಾಯಿ. ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗೂ ಕಲ್ಲು ನಿಲ್ಲಿಸಿದ್ದರು ಅಂತ ಕೇಳಿದ ಮೇಲೆ ಮಕ್ಕಳ ಮುಖವೇ ಬದಲಾಯಿತು. ಇತಿಹಾಸದೊಳಗೆ ಬರಲು ರಾಜನೇ ಆಗಬೇಕಿಲ್ಲ ಅನ್ನುವುದನ್ನು ನಾನು ಒಂದು ಪೀರಿಯಡ್ ಮಾತಾಡಿದ್ದರೂ ಇಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ಹೆಸರಿಲ್ಲದ ಗವುಡನ ಮಗ

ಮುಂದಿನ ಕೆಲಸ ಅಕ್ಷರಗಳದ್ದು. ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳನ್ನು ತಾಲೂಕುವಾರು ಕೊಟ್ಟಿದ್ದಾರೆ. ಮೇಷ್ಟ್ರು ಸ್ಕ್ಯಾನ್ ಮಾಡಿದ ಪ್ರತಿಯಿಂದ ನಮ್ಮ ತಾಲೂಕಿನ ಪುಟಗಳನ್ನು ಪ್ರಿಂಟ್ ತೆಗೆಸಿದರು. ಅದರಲ್ಲಿ ತಮ್ಮೂರಿನ ಹೆಸರು ಹುಡುಕುವುದೇ ಮಕ್ಕಳಿಗೆ ಒಂದು ಆಟವಾಯಿತು. ಸಿಕ್ಕಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ನೂರು ವರ್ಷಕ್ಕೂ ಹಿಂದೆ ಯಾರೋ ಬಂದು ನಮ್ಮ ಹುಣಸೆ ಮರದ ಕಲ್ಲನ್ನು ಓದಿಕೊಂಡು ಹೋಗಿದ್ದಾರೆ, ಅಲ್ವಾ?

ಶಾಸನ ಪೂರ್ತಿ ಮೂರು ಸಾಲೂ ಇಲ್ಲ. ಒಂದು ಸಂವತ್ಸರದ ಹೆಸರು. ಆಮೇಲೆ "ಗವುಡನ ಮಗ", ಆಮೇಲೆ ಸಾಲು ಸಾಲು ಚುಕ್ಕಿ, ಆಮೇಲೆ "ತುರುವಂ ಮಗುಳ್ಚಿ", ಕೊನೆಗೆ ಸುರಲೋಕ ಸೇರಿದ ಅಂತ. ಅಂದರೆ ಹಿಡಿದುಕೊಂಡು ಹೋಗುತ್ತಿದ್ದ ದನಗಳನ್ನು ವಾಪಸ್ ತಂದು ಸತ್ತವನು. ಚುಕ್ಕಿ ಇರುವ ಕಡೆ ಕಲ್ಲು ಒಡೆದಿದೆ. ಅವನ ಹೆಸರು ಇದ್ದದ್ದು ಸರಿಯಾಗಿ ಆ ಜಾಗದಲ್ಲೇ.

ನಮ್ಮ ಪಾಲಿಗೆ ಆ ಒಡಕೇ ಬಾಗಿಲಾಯಿತು. ಮಕ್ಕಳು ಮತ್ತೆ ಕಲ್ಲಿನ ಹತ್ತಿರ ಹೋಗಿ, ಪಕ್ಕದ ಅಕ್ಷರಗಳ ಅಗಲವನ್ನು ದಾರದಲ್ಲಿ ಅಳೆದು, ಒಡೆದ ಜಾಗದಲ್ಲಿ ಮೂರು ಅಥವಾ ನಾಲ್ಕು ಅಕ್ಷರ ಹಿಡಿಯಬಹುದು ಅಂತ ಲೆಕ್ಕ ಹಾಕಿದರು. ಯಾವ ಹೆಸರು? ಮೊದಲು ಬಂದವು ಮಂಜುನಾಥ, ದರ್ಶನ್, ಯಶ್. ನಗು ನಿಂತ ಮೇಲೆ ಮೇಷ್ಟ್ರು ಅದೇ ಪ್ರಿಂಟ್ ಪುಟಗಳನ್ನು ಮುಂದಿಟ್ಟು, ಅಕ್ಕಪಕ್ಕದ ಊರುಗಳ ಶಾಸನಗಳಲ್ಲಿ ಯಾವ ಹೆಸರುಗಳಿವೆ ನೋಡಿ ಅಂದರು. ಮಾಚ, ಕೇತ, ಬೊಮ್ಮ, ಮಸಣ, ಹೊನ್ನ. ಜಾಗಕ್ಕೆ ಹೊಂದುವಂತೆ ಮಾಚಯ್ಯ ಆಯಿತು, ಕೇತಯ್ಯ ಆಯಿತು. ತರಗತಿ ಎರಡು ಗುಂಪಾಗಿ ವಾದ ಮಾಡಿ ಕೊನೆಗೆ ಕೇತಯ್ಯ ಅಂತ ಒಪ್ಪಿತು. ಯಾಕೆ ಅಂತ ಕೇಳಿದೆ. "ಆ ಹೆಸರಿನವರು ಈಗ ನಮ್ಮೂರಲ್ಲಿ ಯಾರೂ ಇಲ್ಲ ಮಿಸ್. ಯಾರೂ ಜಗಳಕ್ಕೆ ಬರಲ್ಲ."

ಮೂರು ಬಣ್ಣ

ಇಲ್ಲಿಗೆ ಬಂದಾಗ ನನಗೊಂದು ಭಯ ಶುರುವಾಯಿತು. ಕೇತಯ್ಯ ಅನ್ನುವ ಹೆಸರು ನಾವು ಇಟ್ಟದ್ದು. ಇನ್ನು ಹತ್ತು ವರ್ಷಕ್ಕೆ ಈ ಮಕ್ಕಳೇ "ನಮ್ಮೂರ ವೀರಗಲ್ಲು ಕೇತಯ್ಯನದ್ದು" ಅಂತ ನಂಬಿ ಹೇಳಿದರೆ? ಕಥೆ ಬರೆಸಲು ಹೋಗಿ ನಾವೇ ಊರಿಗೊಂದು ಸುಳ್ಳು ಶಾಸನ ಕೆತ್ತಿದ ಹಾಗಾಗುತ್ತದೆ.

ಅದಕ್ಕೇ ಬಂದ ನಿಯಮ ಇದು. ಕಲ್ಲಿನಲ್ಲಿ, ಪುಸ್ತಕದಲ್ಲಿ, ದಾಖಲೆಯಲ್ಲಿ ಕಂಡದ್ದನ್ನು ನೀಲಿ ಪೆನ್ನಿನಲ್ಲಿ ಬರೆಯಬೇಕು. ಊರಲ್ಲಿ ಯಾರಾದರೂ ಹೇಳಿದ್ದನ್ನು ಕಪ್ಪು ಪೆನ್ನಿನಲ್ಲಿ. ನೀವೇ ಕಲ್ಪಿಸಿದ್ದನ್ನು ಪೆನ್ಸಿಲ್‌ನಲ್ಲಿ. ಮೂರೂ ಎಲ್ಲರ ಕಂಪಾಸ್ ಬಾಕ್ಸಿನಲ್ಲಿ ಇರುವಂಥವೇ. ಹೊಸದಾಗಿ ಏನೂ ಕೊಳ್ಳಬೇಕಾಗಿಲ್ಲ.

ಇಡೀ ವರ್ಷದಲ್ಲಿ ನಾವು ತೆಗೆದುಕೊಂಡ ಅತಿ ಮುಖ್ಯ ತೀರ್ಮಾನ ಇದೇ ಅಂತ ಈಗ ಅನಿಸುತ್ತದೆ. ಮಕ್ಕಳು ಬರೆದ ಪುಟ ನೋಡಿದ ಕೂಡಲೇ ಯಾವುದು ಎಷ್ಟಿದೆ ಅಂತ ಅವರಿಗೇ ಕಾಣುತ್ತಿತ್ತು. ಪುಟ ಪೂರ್ತಿ ಪೆನ್ಸಿಲ್ ಆದ ಮಕ್ಕಳಿಗೆ ನಾನು ಏನೂ ಹೇಳಬೇಕಾಗಿರಲಿಲ್ಲ, ತಾವಾಗಿಯೇ "ಇದನ್ನ ಯಾರನ್ನ ಕೇಳಲಿ ಮಿಸ್?" ಅಂತ ಬರುತ್ತಿದ್ದರು. ಪುಟ ಪೂರ್ತಿ ನೀಲಿ ಆದವರಿಗೆ "ಇಲ್ಲಿ ನೀನು ಎಲ್ಲಿದ್ದೀಯ?" ಅಂತ ಕೇಳುತ್ತಿದ್ದೆ.

ಇದರ ಜೊತೆಗೆ ಇನ್ನೊಂದು: ಮಾತನ್ನು ಊರಿನ ಮಾತಿನಲ್ಲೇ ಬರೆಯಬಹುದು ಅಂತ ಬಿಟ್ಟೆ. ಎಂಟನೇ ತರಗತಿಯಿಂದ ನನಗೆ ನಾಲ್ಕು ಸಾಲಿಗಿಂತ ಹೆಚ್ಚು ಬರೆದುಕೊಡದ ಕುರಿ ಮನೆಯ ಹುಡುಗ ಆ ವಾರ ಎರಡೂವರೆ ಪುಟ ತಂದ. ಶುರುವೇ "ಎಲ್ಗೋಗಿದ್ಯಲಾ, ದನ ಎಲ್ಲ ಒಡ್ಕಂಡೋದ್ರು" ಅಂತ. ಅವನು ಬರೆದದ್ದು ವೀರನ ಬಗ್ಗೆ ಅಲ್ಲ. ಆ ದಿನ ದನ ಕಾಯುತ್ತಿದ್ದು, ಕಳ್ಳರು ಬಂದಾಗ ಓಡಿ ಬಂದು ಊರಿಗೆ ಸುದ್ದಿ ಮುಟ್ಟಿಸಿದ ಒಬ್ಬ ಹುಡುಗನ ಬಗ್ಗೆ. "ನಾನು ಓಡಿ ಬರದಿದ್ದರೆ ಅವನು ಸಾಯುತ್ತಿರಲಿಲ್ಲ" ಅನ್ನುವ ಒಂದು ಸಾಲಿತ್ತು, ಪೆನ್ಸಿಲ್‌ನಲ್ಲಿ. ಆ ಪುಟವನ್ನು ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ.

ಮೆಣಸಿನಕಾಯಿಯ ದಿನ

ಒಬ್ಬ ಹುಡುಗಿ ಕೇತಯ್ಯನ ಹೆಂಡತಿಯ ಬಗ್ಗೆ ಬರೆದಳು. ಬೆಳಿಗ್ಗೆ ಅವಳು ಗಂಡನಿಗೆ ರಾಗಿ ಮುದ್ದೆ, ಹಸಿಮೆಣಸಿನಕಾಯಿ ಚಟ್ನಿ ಬಡಿಸುತ್ತಾಳೆ. ಚೆನ್ನಾಗಿತ್ತು. ಜೋರಾಗಿ ಓದಿದಾಗ ಮೇಷ್ಟ್ರು ಮೆಲ್ಲಗೆ ಕೇಳಿದರು: "ಮೆಣಸಿನಕಾಯಿ ಎಲ್ಲಿಂದ ಬಂತಮ್ಮ?"

"ಹಿತ್ತಲಿಂದ ಸಾರ್."

ಹೊಯ್ಸಳರ ಕಾಲದ ಹಿತ್ತಲಲ್ಲಿ ಮೆಣಸಿನಕಾಯಿ ಇರಲು ಸಾಧ್ಯವಿಲ್ಲ. ಅದು ಅಮೆರಿಕ ಖಂಡದ ಗಿಡ. ಪೋರ್ಚುಗೀಸರು ಬಂದ ಮೇಲೆ, ಅಂದರೆ 1500ರ ಈಚೆಗೆ ನಮ್ಮ ಕಡೆ ಬಂದದ್ದು. ಅದಕ್ಕೂ ಮೊದಲು ಖಾರ ಅಂದರೆ ಕಾಳುಮೆಣಸು, ಶುಂಠಿ. ಮೆಣಸಿನಕಾಯಿ ಅನ್ನುವ ಹೆಸರಿನಲ್ಲೇ ಹಳೇ ಮೆಣಸು ಕೂತಿದೆ ನೋಡಿ ಅಂತ ನಾನು ಸೇರಿಸಿದೆ. ಆಮೇಲೆ ಪೀರಿಯಡ್ ಪೂರ್ತಿ ಅಡುಗೆ ಮನೆಯಲ್ಲೇ ಕಳೆಯಿತು. ಟೊಮೆಟೊ ಇರಲಿಲ್ಲ. ಆಲೂಗಡ್ಡೆ, ಕಡಲೆಕಾಯಿ, ಮುಸುಕಿನ ಜೋಳ ಯಾವುದೂ ಇರಲಿಲ್ಲ. ರಾಗಿ ಇತ್ತು, ಹುರುಳಿ ಇತ್ತು, ಅವರೆ ಇತ್ತು. ಆ ಹುಡುಗಿ ಕಣ್ಣೀರು ಹಾಕುತ್ತಾಳೇನೋ ಅಂತ ನನಗೆ ಅಳುಕಿತ್ತು. ಅವಳು ಮಾರನೇ ದಿನ ತಿದ್ದಿ ತಂದಳು. ಈಗ ಮುದ್ದೆಗೆ ಹುರುಳಿಕಾಳಿನ ಸಾರು, ಮೆಣಸು ಕುಟ್ಟಿ ಹಾಕಿದ್ದು. "ಗಂಟಲು ಉರಿಯಿತು ಅಂತ ನೀರು ಕೇಳಿದ. ನೀರು ಕೊಡುವಷ್ಟರಲ್ಲಿ ಹೊರಗೆ ಕೂಗು ಕೇಳಿಸಿತು." ಮೊದಲಿನದಕ್ಕಿಂತ ಇದು ಎಷ್ಟೋ ಪಾಲು ಚೆನ್ನಾಗಿತ್ತು. ಸರಿಯಾದ ವಿವರ ಹುಡುಕುವ ಕಷ್ಟ ಅವಳ ಬರವಣಿಗೆಯ ಕೈ ಕಟ್ಟಲಿಲ್ಲ, ಅವಳಿಗೊಂದು ಹೊಸ ದೃಶ್ಯವನ್ನೇ ಕೊಟ್ಟಿತು.

ಹಿರಿಯರ ಬಾಯಿ ಬಿಡಿಸಿದ್ದು

ಕಪ್ಪು ಪೆನ್ನಿನ ಕೆಲಸಕ್ಕೆ ಮಕ್ಕಳು ಮನೆಯ ಹಿರಿಯರನ್ನು ಮಾತಾಡಿಸಬೇಕಿತ್ತು. ಮೊದಲ ಸುತ್ತಿನಲ್ಲಿ ಅವರು ಕೇಳಿದ್ದು "ನಿಮ್ಮ ಕಾಲದಲ್ಲಿ ಹೇಗಿತ್ತು?" ಸಿಕ್ಕ ಉತ್ತರ "ಚೆನ್ನಾಗಿತ್ತು" ಅಥವಾ "ಬೋ ಕಷ್ಟ". ಅಷ್ಟೇ. ಎರಡನೇ ಸುತ್ತಿಗೆ ಪ್ರಶ್ನೆಗಳನ್ನು ಚಿಕ್ಕದು ಮಾಡಿದೆವು. ಊರಿಗೆ ಕರೆಂಟು ಬಂದ ದಿನ ಮೊದಲು ಯಾರ ಮನೆಯಲ್ಲಿ ಬಲ್ಬು ಹತ್ತಿತು? ಕೆರೆ ಕೋಡಿ ಬಿದ್ದಾಗ ಏನು ಮಾಡುತ್ತಿದ್ದಿರಿ? ನೀವು ಚಿಕ್ಕವರಿದ್ದಾಗ ನಿಮ್ಮ ಅಜ್ಜಿ ಏನಂತ ಬೈಯುತ್ತಿದ್ದರು?

ಬೈಗುಳದ ಪ್ರಶ್ನೆಯನ್ನು ನಾನು ಸುಮ್ನೆ ಸೇರಿಸಿದ್ದು. ಅದರಿಂದಲೇ ದೊಡ್ಡದೊಂದು ಸಿಕ್ಕಿತು. ಒಬ್ಬ ಹುಡುಗನ ಅಜ್ಜಿ ಹೇಳಿದ ಬೈಗುಳ: "ಧಾತು ಬರದಲ್ಲಿ ಹುಟ್ಟಿದೋನಂಗೆ ತಿಂತೀಯ." ಧಾತು ಅಂದರೆ ಏನು ಅಂತ ಅಜ್ಜಿಗೂ ಗೊತ್ತಿರಲಿಲ್ಲ. ಮೇಷ್ಟ್ರಿಗೆ ಗೊತ್ತಿತ್ತು. ಧಾತು ಮತ್ತು ಈಶ್ವರ ಎರಡು ಸಂವತ್ಸರಗಳು, 1876ರಿಂದ 78ರ ಮಹಾ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷಕ್ಕೂ ಮೇಲೆ, 1881ರಲ್ಲಿ ಸುಮಾರು 42 ಲಕ್ಷ. ಹುಡುಗ ಬೋರ್ಡಿನ ಮೇಲೆ ಕಳೆಯುವ ಲೆಕ್ಕ ಮಾಡಿ, ಉತ್ತರದ ಕಡೆ ನೋಡುತ್ತಾ ನಿಂತುಬಿಟ್ಟ. ಒಂದು ಬೈಗುಳದೊಳಗೆ ನೂರೈವತ್ತು ವರ್ಷದ ಹಸಿವು ಕೂತಿತ್ತು. ಅವನ ಪುಟದಲ್ಲಿ ಕಪ್ಪು ಸಾಲಿನ ಕೆಳಗೆ ನೀಲಿ ಸಾಲು ಬಂತು.

ನೀರುಗಂಟಿಯ ಪುಟ

ಈ ಭಾಗವನ್ನು ಬರೆಯಬೇಕೋ ಬೇಡವೋ ಅಂತ ತುಂಬಾ ಯೋಚಿಸಿದೆ. ನಾನು ತಪ್ಪು ಮಾಡಿದ್ದು ಇಲ್ಲೇ, ಆದ್ದರಿಂದ ಬರೆಯುತ್ತಿದ್ದೇನೆ.

ತರಗತಿಯ ಒಬ್ಬ ಹುಡುಗನ ತಾತ ಹಿಂದೆ ಕೆರೆಯ ನೀರುಗಂಟಿ. ತೂಬು ಎತ್ತುವುದು, ಅಚ್ಚುಕಟ್ಟಿನ ಕೊನೇ ಗದ್ದೆಗೂ ಸರದಿ ಪ್ರಕಾರ ನೀರು ಮುಟ್ಟಿಸುವುದು, ರಾತ್ರಿ ಲಾಟೀನು ಹಿಡಿದು ಕಾಲುವೆ ಕಾಯುವುದು ಅವರ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಆ ಕೆಲಸಕ್ಕೆ ಪ್ರತಿಫಲವಾಗಿ ಆಯದ ಕಾಳು. ಈಗ ತೂಬು ತುಕ್ಕು ಹಿಡಿದಿದೆ, ಎಲ್ಲರದ್ದೂ ಬೋರ್‌ವೆಲ್. ಹುಡುಗ ತಾತನನ್ನು ಮಾತಾಡಿಸಿ ಒಂದು ಪುಟ ತಂದ. ಹೆಚ್ಚುಕಮ್ಮಿ ಪೂರ್ತಿ ಕಪ್ಪು. ಅದರ ನಡುವೆ ತಾತನ ಮಾತು ಹೀಗಿತ್ತು: "ಎಲ್ಲಾರ ಗದ್ದೆ ನೀರೂ ನನ್ನ ಕೈಯಿಂದ್ಲೇ ಓಗ್ತಿತ್ತು. ಸೇದೋ ಬಾವಿ ಹಗ್ಗ ಮಾತ್ರ ನಾನು ಮುಟ್ಟಂಗಿರ್ಲಿಲ್ಲ."

ಕೊನೆಯಲ್ಲಿ ಒಂದೇ ಒಂದು ಪೆನ್ಸಿಲ್ ಸಾಲು: "ರಾತ್ರಿ ಯಾರೂ ಇಲ್ಲದಾಗ ತಾತ ಕಾಲುವೆಯಲ್ಲಿ ಕಾಲಿಟ್ಟುಕೊಂಡು ಕೂತಿರಬಹುದು."

ಆ ವಾರದ ಗೋಡೆ ಪತ್ರಿಕೆಯಲ್ಲಿ ನಾನು ಆ ಪುಟವನ್ನು ನಡುವೆ ಅಂಟಿಸಿದೆ. ಮೂರನೇ ದಿನ ಎಸ್‌ಡಿಎಂಸಿಯ, ಅಂದರೆ ಶಾಲೆಯ ಅಭಿವೃದ್ಧಿ ಸಮಿತಿಯ ಸದಸ್ಯರೊಬ್ಬರು ಬಂದರು. ಜೋರು ಮಾಡಲಿಲ್ಲ. "ಮೇಡಂ, ಈಗ ಎಲ್ಲಾ ಒಂದಾಗಿ ಚೆನ್ನಾಗಿದೀವಿ. ಹಳೇದನ್ನ ಯಾಕೆ ಕೆದಕ್ತೀರ? ಮಕ್ಕಳ ಮನಸ್ಸು ಕೆಡ್ತದೆ" ಅಂದರು. ನನಗೆ ಗಾಬರಿಯಾಯಿತು. ಸಂಜೆ ಎಲ್ಲರೂ ಹೋದ ಮೇಲೆ ಪುಟವನ್ನು ತೆಗೆದೆ. ಮಾರನೇ ದಿನ ಹುಡುಗನಿಗೆ "ಆಮೇಲೆ ಹಾಕೋಣಪ್ಪ" ಅಂದೆ. "ಆಯ್ತು ಮಿಸ್" ಅಂದ. ಯಾಕೆ ಅಂತ ಕೇಳಲಿಲ್ಲ. ಯಾಕೆ ಅಂತ ಅವನಿಗೆ ಗೊತ್ತಿತ್ತು.

ಎರಡು ತಪ್ಪು ಆಗಿತ್ತು. ಹಾಕುವ ಮೊದಲು ನಾನು ಅವನ ತಾತನನ್ನು ಕೇಳಿರಲಿಲ್ಲ. ತೆಗೆಯುವ ಮೊದಲೂ ಕೇಳಿರಲಿಲ್ಲ. ಆ ಮಾತು ಅವರದ್ದು. ನಾನು ಅದನ್ನು ನನ್ನ ತರಗತಿಯ ಒಳ್ಳೇ ಬರವಣಿಗೆ ಅಂತ ಮಾತ್ರ ನೋಡಿದ್ದೆ.

ಶನಿವಾರ ಅವರ ಮನೆಗೆ ಹೋದೆ. ಹಿರಿಯರು ಜಗಲಿಯ ಮೇಲೆ ಕೂತಿದ್ದರು. ನಡೆದದ್ದೆಲ್ಲ ಹೇಳಿ, ಏನು ಮಾಡಲಿ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ನನ್ನ ಹೆಸರು ಬ್ಯಾಡ ಕಣವ್ವ. ಬಾವಿ ಯಾರ್ದು ಅಂತಾನೂ ಬ್ಯಾಡ. ಮಾತು ಇರ್ಲಿ."

ಸೋಮವಾರ ಹೆಡ್‌ಮಾಸ್ಟರ್, ಮೇಷ್ಟ್ರು, ನಾನು ಕೂತು ತೀರ್ಮಾನ ಮಾಡಿದೆವು. ಹೆಸರಿಲ್ಲದೆ ಪುಟ ಮತ್ತೆ ಗೋಡೆಗೆ ಹೋಗುತ್ತದೆ. ಆ ಸದಸ್ಯರಿಗೆ ಹೆಡ್‌ಮಾಸ್ಟರ್ ಹೇಳಿದ ಮಾತು ನನಗೆ ಹಿಡಿಸಿತು: "ಇದು ಕಪ್ಪು ಪೆನ್ನಿನದ್ದು. ಒಬ್ಬರು ಹೇಳಿದ್ದು, ಮಗು ಬರೆದದ್ದು. ಬೇರೆ ಮನೆಯಲ್ಲಿ ಬೇರೆ ಥರ ನೆನಪಿದ್ದರೆ ಹೇಳಿ, ಅದನ್ನೂ ಮಕ್ಕಳು ಬರೀತಾರೆ, ಪಕ್ಕದಲ್ಲೇ ಹಾಕ್ತೀವಿ." ಅವರು ಒಪ್ಪಿದರು ಅಂತ ಹೇಳಲಾರೆ. ಗೋಡೆಯ ಮುಂದೆ ನಿಂತು ಪೂರ್ತಿ ಓದಿ, ಏನೂ ಮಾತಾಡದೆ ಹೋದರು.

ಆ ವಾರವೇ ಮೇಷ್ಟ್ರು 1927ರಲ್ಲಿ ಅಂಬೇಡ್ಕರ್ ಅವರು ಮಹಾಡ್‌ನ ಚೌದಾರ್ ಕೆರೆಯ ನೀರು ಮುಟ್ಟಿದ ಪಾಠ ಮಾಡಿದರು. ಮಕ್ಕಳು ಇಸವಿಗಳನ್ನು ಸಾಲಾಗಿ ಬರೆದರು. 1927ರಲ್ಲಿ ಮಹಾಡ್. 1950ರಲ್ಲಿ ಸಂವಿಧಾನದ 17ನೇ ವಿಧಿ, ಅಸ್ಪೃಶ್ಯತೆ ರದ್ದು. ತಾತ ಹೇಳಿದ ಬಾವಿಯ ಮಾತು ಅದಕ್ಕೂ 15–20 ವರ್ಷ ಆಮೇಲಿನದ್ದು. "ಕಾನೂನು ನೀಲಿ, ತಾತನ ಮಾತು ಕಪ್ಪು. ಎರಡೂ ನಿಜಾನಾ ಮಿಸ್?" ಅಂತ ಒಬ್ಬಳು ಕೇಳಿದಳು. ಎರಡೂ ನಿಜ ಅಂದೆ. ಅದಕ್ಕಿಂತ ಜಾಸ್ತಿ ವಿವರಣೆ ಆಗ ಬೇಕಾಗಲಿಲ್ಲ.

ಹದಿನೈದು ದಿನ ಬಿಟ್ಟು ಮೇಲಿನ ಕೇರಿಯ ಒಬ್ಬ ಹುಡುಗಿ ಒಂದು ಪುಟ ತಂದು ನನ್ನ ಮೇಜಿನ ಮೇಲಿಟ್ಟಳು. ಅವಳ ಅಜ್ಜಿಯ ಮಾತು. "ಅವರು ಬಾವಿಯಿಂದ ದೂರ ನಿಂತಿರ್ತಿದ್ರು. ನಾನು ಸೇದಿ, ಎತ್ತರದಿಂದ ಅವರ ಬಿಂದಿಗೆಗೆ ಉಯ್ತಿದ್ದೆ. ಅರ್ಧ ನೀರು ಆಚೆ ಚೆಲ್ತಿತ್ತು." ಅದರ ಕೆಳಗೆ ಹುಡುಗಿ ಪೆನ್ಸಿಲ್‌ನಲ್ಲಿ ಏನೂ ಬರೆದಿರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ಬರಲಿಲ್ಲ ಮಿಸ್" ಅಂದಳು. ಈ ಸಲ ಮೊದಲು ಅಜ್ಜಿಯನ್ನು ಕೇಳಿದೆವು. ಹಾಕಿ ಅಂದರು. ಎರಡೂ ಪುಟ ಅಕ್ಕಪಕ್ಕ ಇದ್ದವು.

ಆಮೇಲಿನಿಂದ ನಮ್ಮಲ್ಲಿ ಕಟ್ಟುನಿಟ್ಟು ಮಾಡಿದ್ದೇನೆ. ಯಾರ ಮಾತು ಬರೆದಿದ್ದಾರೋ ಅವರು ಒಪ್ಪದೆ ಯಾವ ಪುಟವೂ ಗೋಡೆಗೆ ಹೋಗುವುದಿಲ್ಲ. ಬರೆದ ಮಗುವೂ ಬೇಡ ಅನ್ನಬಹುದು. ಗೋಡೆಗೆ ಬರದ ಪುಟಕ್ಕೂ ಅಷ್ಟೇ ಅಂಕ.

ಏನಾಯಿತು, ಏನು ಆಗಲಿಲ್ಲ

ಇಡೀ ಕೆಲಸಕ್ಕೆ 14 ಪೀರಿಯಡ್ ಹಿಡಿಯಿತು. ಎರಡು ಗದ್ಯ ಪಾಠ ಹಿಂದೆ ಬಿದ್ದವು, ಡಿಸೆಂಬರ್‌ನಲ್ಲಿ ವಿಶೇಷ ತರಗತಿ ಮಾಡಿ ಮುಗಿಸಿದೆ. ಇದನ್ನು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ಎರಡೂ ವಿಷಯಕ್ಕೆ ಲೆಕ್ಕ ಹಿಡಿದದ್ದರಿಂದ ಸ್ವಲ್ಪ ಸಮಯ ಉಳಿಯಿತು. ಅಂಕ ಕೊಡುವಾಗ ಕಾಗುಣಿತ ನೋಡಲಿಲ್ಲ. ಮೂರು ಬಣ್ಣವನ್ನು ಪ್ರಾಮಾಣಿಕವಾಗಿ ಬೇರೆ ಮಾಡಿದ್ದಾರಾ, ಪೆನ್ಸಿಲ್ ಸಾಲು ಉಳಿದೆರಡರ ಮೇಲೆ ನಿಂತಿದೆಯಾ ಅಂತ ಮಾತ್ರ ನೋಡಿದೆ.

31ರಲ್ಲಿ ಏಳು ಮಕ್ಕಳು ಕೊನೆಯವರೆಗೂ ಪಕ್ಕದವರದ್ದನ್ನೇ ನೋಡಿ ಬರೆದರು. ಅವರಲ್ಲಿ ಇಬ್ಬರಿಗೆ ಓದುವುದೇ ಕಷ್ಟ. ಅವರಿಗೆ ಬರೆಯುವ ಬದಲು ಹೇಳಿಸಿ, ಬೇರೆ ಮಗುವಿನಿಂದ ಬರೆಸಬೇಕಿತ್ತು. ನನಗೆ ಅದು ಹೊಳೆದದ್ದು ತಡವಾಗಿ. ಇನ್ನೊಂದು ಕೊರತೆಯೂ ಇದೆ. ವಲಸೆ ಬಂದ ಕೂಲಿ ಕುಟುಂಬದ ಒಬ್ಬ ಹುಡುಗಿ "ಇದು ನಮ್ಮೂರಲ್ಲ ಮಿಸ್, ನಾನು ಏನು ಬರೀಲಿ?" ಅಂದಳು. ಅವಳಿಗೆ ನಾನು ಕೆರೆಯ ಬಗ್ಗೆ ಬರಿ ಅಂದೆ. ಅವಳ ಊರಿನ ಬಗ್ಗೆ ಬರಿ ಅನ್ನಬೇಕಿತ್ತು.

ಬರೆದದ್ದನ್ನೆಲ್ಲ ಸೇರಿಸಿ ಒಂದು ಕೈಬರಹದ ಪುಸ್ತಕ ಹೊಲಿದು ಶಾಲೆಯ ಲೈಬ್ರರಿಯಲ್ಲಿ ಇಟ್ಟಿದ್ದೇವೆ. ಜೆರಾಕ್ಸ್ ಮಾಡಿಸಿದರೆ ನೀಲಿ, ಕಪ್ಪು ಎರಡೂ ಒಂದೇ ಬಣ್ಣ ಆಗುತ್ತವೆ, ಆದ್ದರಿಂದ ಪ್ರತಿ ಒಂದೇ. ನೀರುಗಂಟಿ ತಾತ ತಮ್ಮ ಪುಟ ಬೇಕು ಅಂದರು. ಮೊಮ್ಮಗ ಮೂರು ಬಣ್ಣದಲ್ಲೂ ಇನ್ನೊಮ್ಮೆ ಬರೆದು ಕೊಟ್ಟ. ಅವರಿಗೆ ಓದಲು ಬರುವುದಿಲ್ಲ. ಪೆನ್ಸಿಲ್ ಸಾಲು ಯಾವುದು ಅಂತ ಬೆರಳಿಟ್ಟು ಕೇಳಿ, ಅದನ್ನು ಎರಡು ಸಲ ಓದಿಸಿಕೊಂಡರಂತೆ. ಕೂತಿದ್ದೆ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

ಈ ವರ್ಷದ ಒಂಬತ್ತನೇ ತರಗತಿಗೆ ಕಲ್ಲು ಕೊಟ್ಟಿಲ್ಲ. ಮೇಷ್ಟ್ರು ನಮ್ಮ ಕಡೆಯ ಗ್ರಾಮ ನಕಾಶೆ ತಂದಿದ್ದಾರೆ. ನಮ್ಮೂರಿನ ಪಕ್ಕದಲ್ಲೇ ಇನ್ನೊಂದು ಊರಿನ ಗಡಿ ಗೆರೆ ಇದೆ, ಹೆಸರೂ ಇದೆ, ಮುಂದೆ "ಬೇಚರಾಕ್" ಅಂತ ಬರೆದಿದೆ. ಅಂದರೆ ಜನ ಇಲ್ಲದ ಊರು. ಅಲ್ಲಿ ಈಗ ಇರುವುದು ಒಂದು ಹಾಳು ಬಾವಿ, ಜಾಲಿ ಮರ, ಒಂದು ಚಿಕ್ಕ ಆಂಜನೇಯನ ಗುಡಿ. ಮಕ್ಕಳು ಬರೆದುಕೊಂಡಿರುವ ಮೊದಲ ಪ್ರಶ್ನೆ, ಅಲ್ಲಿದ್ದವರು ಎಲ್ಲಿಗೆ ಹೋದರು? ಬರ ಅಂತ ಒಬ್ಬ ಹೇಳಿದ, ಪ್ಲೇಗ್ ಅಂತ ಇನ್ನೊಬ್ಬಳು. ಎರಡನ್ನೂ ಸದ್ಯಕ್ಕೆ ಪೆನ್ಸಿಲ್‌ನಲ್ಲಿ ಬರೆಸಿದ್ದೇನೆ. ಮುಂದಿನ ಶನಿವಾರ ಬೆಳಿಗ್ಗೆ ಏಳೂವರೆಗೆ ಗುಡಿಯ ಹತ್ತಿರ ಸೇರುತ್ತೇವೆ.